ಮನಸ್ಸು ಓಡಿದರೆ ಓಡಲಿ, ನೀವು ಕೂತಿರಿ: ದಿನಾ ಧ್ಯಾನ ಶುರು ಮಾಡುವುದು ಹೇಗೆ

"ಧ್ಯಾನಕ್ಕೆ ಕೂತರೆ ಯೋಚನೆ ಕಡಿಮೆ ಆಗೋದಿರಲಿ, ಜಾಸ್ತಿನೇ ಆಗುತ್ತೆ. ಇದು ನನ್ನ ಕೈಲಿ ಆಗಲ್ಲ." ಹೀಗೆ ಹೇಳಿ ನಾಲ್ಕು ದಿನಕ್ಕೇ ಬಿಟ್ಟವರನ್ನು ತುಂಬಾ ನೋಡಿದ್ದೇನೆ. ನಾನೂ ಒಮ್ಮೆ ಹಾಗೇ ಬಿಟ್ಟಿದ್ದೆ. ಈ ಲೇಖನ ಮುಖ್ಯವಾಗಿ ಅಂಥವರಿಗಾಗಿ.

ನಾನು ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಪಾಠ ಮಾಡುತ್ತೇನೆ. 41ನೇ ವಯಸ್ಸಿನಲ್ಲಿ ನನಗೆ ಬಿಪಿ ಇದೆ ಅಂತ ಗೊತ್ತಾಯಿತು. ವೈದ್ಯರು ಮಾತ್ರೆ ಬರೆದುಕೊಟ್ಟರು, ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡಿ ಅಂದರು, ದಿನಾ ನಡೆಯಿರಿ ಅಂದರು, ಕೊನೆಯಲ್ಲಿ "ಸ್ವಲ್ಪ ಹೊತ್ತು ಧ್ಯಾನಾನೂ ಮಾಡಿ" ಅಂತ ಸೇರಿಸಿದರು. ಒಂದು ತರಗತಿಗೆ ಸೇರಿದೆ. ಅಲ್ಲಿ ಹೇಳಿಕೊಡುತ್ತಿದ್ದವರು ಕಣ್ಣು ಮುಚ್ಚಿಸಿ, ಮನಸ್ಸನ್ನು ಪೂರ್ತಿ ಖಾಲಿ ಮಾಡಿ, ಒಂದು ಯೋಚನೆಯೂ ಬರಬಾರದು ಅಂದರು. ನನಗೆ ಬಂದಿದ್ದು ಬರೀ ಯೋಚನೆಗಳೇ. ಉತ್ತರ ಪತ್ರಿಕೆ ತಿದ್ದಿಲ್ಲ, ಗ್ಯಾಸ್ ಬುಕ್ ಮಾಡಿಲ್ಲ, ಮಗಳ ಫೀಸು ಕಟ್ಟಿಲ್ಲ. ಪಕ್ಕದವರೆಲ್ಲ ಕಲ್ಲಿನ ವಿಗ್ರಹದ ಹಾಗೆ ಕೂತಿದ್ದಾರೆ, ನನಗೊಬ್ಬಳಿಗೇ ಆಗುತ್ತಿಲ್ಲ ಅನ್ನಿಸಿತು. ಮೂರು ವಾರ ಹೋಗಿ ಬಿಟ್ಟೆ. ಮತ್ತೆ ಕೂರಲು ಎರಡು ವರ್ಷ ಬೇಕಾಯಿತು.

ಎರಡನೇ ಸಲ ದಾರಿ ತೋರಿಸಿದ್ದು ನಮ್ಮ ಅತ್ತೆ. ಅವರು ಬೆಳಿಗ್ಗೆ ಸ್ನಾನ ಆದಮೇಲೆ ಜಪಮಣಿ ಹಿಡಿದು ಕೂರುತ್ತಾರೆ, 108 ಮಣಿ ಮುಗಿಯುವವರೆಗೂ ಏಳುವುದಿಲ್ಲ. ಒಂದು ದಿನ ಕೇಳಿದೆ, "ಅತ್ತೆ, ಜಪ ಮಾಡುವಾಗ ನಿಮಗೆ ಬೇರೆ ಯೋಚನೆ ಬರೋದೇ ಇಲ್ವಾ?" ಅವರು ಹೇಳಿದ್ದು ಇಷ್ಟು: "ಬರ್ದೇ ಇರುತ್ತಾ? ಮನಸ್ಸು ಹೋದ್ರೆ ಹೋಗ್ಲಿ ಬಿಡಮ್ಮ, ಮಣಿ ಕೈಯಲ್ಲೇ ಇರುತ್ತಲ್ಲ."

ಆ ತರಗತಿಯಲ್ಲಿ ಯಾರೂ ಹೇಳಿಕೊಡದೇ ಇದ್ದದ್ದು ಈ ಮಾತು. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಅಮೆರಿಕದ ಹಾರ್ವರ್ಡ್‌ನಲ್ಲಿ ಹೃದಯ ತಜ್ಞರಾಗಿದ್ದ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲಿ ಧ್ಯಾನ ಮಾಡುವವರ ದೇಹವನ್ನು ಪರೀಕ್ಷಿಸಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ದೇಹ ಆ ಶಾಂತ ಸ್ಥಿತಿಗೆ ಬರಲು ಮುಖ್ಯವಾಗಿ ಬೇಕಾಗಿದ್ದು ಎರಡು. ಒಂದು ಪದವನ್ನೋ, ಪ್ರಾರ್ಥನೆಯನ್ನೋ, ಉಸಿರನ್ನೋ ಮತ್ತೆ ಮತ್ತೆ ಹಿಡಿಯುವುದು. ಬೇರೆ ಯೋಚನೆ ಬಂದಾಗ ಅದರ ಜೊತೆ ಜಗಳಕ್ಕೆ ನಿಲ್ಲದೆ ವಾಪಸ್ ಬರುವುದು. ಅಷ್ಟೇ. ಹಾಗಾಗಿ ನಿಮ್ಮ ಮನೆಯಲ್ಲಿ ಜಪ ಮಾಡುವ ಹಿರಿಯರಿದ್ದರೆ ಮೊದಲು ಅವರ ಹತ್ತಿರ ಹತ್ತು ನಿಮಿಷ ಕೂತು ಮಾತಾಡಿ. ಆಪ್‌ಗೆ ದುಡ್ಡು ಕಟ್ಟುವುದನ್ನು ಆಮೇಲೆ ನೋಡೋಣ.

ಮೊದಲು ಹೊತ್ತು, ಆಮೇಲೆ ಜಾಗ

ಬ್ರಾಹ್ಮೀ ಮುಹೂರ್ತದಲ್ಲೇ ಏಳಬೇಕು ಅಂತ ಹಟ ಬೇಡ. ನಿಮ್ಮ ದಿನದಲ್ಲಿ ಈಗಾಗಲೇ ತಪ್ಪದೇ ಆಗುವ ಒಂದು ಕೆಲಸ ಹುಡುಕಿ, ಧ್ಯಾನವನ್ನು ಅದಕ್ಕೆ ಅಂಟಿಸಿ. ಹಲ್ಲುಜ್ಜಿದ ತಕ್ಷಣ, ದೇವರಿಗೆ ದೀಪ ಹಚ್ಚಿದ ಮೇಲೆ, ಮಕ್ಕಳು ಶಾಲೆ ವ್ಯಾನ್ ಹತ್ತಿದ ಮೇಲೆ, ಹೀಗೆ ಯಾವುದಾದರೂ ಸರಿ. ನನ್ನದು ಬೆಳಿಗ್ಗೆ ಐದೂವರೆ. ಹಾಲಿನವನು ಬರುವುದಕ್ಕೆ ಮುಂಚೆ ಮನೆ ತಣ್ಣಗಿರುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಮುಂಚೆ ಹತ್ತು ನಿಮಿಷ ಕೂರುತ್ತಾರೆ, ಅದೂ ನಡೆಯುತ್ತದೆ. ಊಟ ಆದ ತಕ್ಷಣ ಮಾತ್ರ ಬೇಡ. ಮುದ್ದೆ ಉಂಡು ಕಣ್ಣು ಮುಚ್ಚಿದರೆ ಧ್ಯಾನ ಅಲ್ಲ, ನಿದ್ದೆನೇ ಬರುವುದು. ಊಟ ಆಗಿ ಎರಡು ಗಂಟೆಯಾದರೂ ಬಿಡಿ.

ಜಾಗದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ದಿನಾ ಅದೇ ಮೂಲೆ ಇರಲಿ. ಹಾಸಿಗೆ ಮೇಲೆ ಬೇಡ, ದೇಹಕ್ಕೆ ಹಾಸಿಗೆ ಅಂದರೆ ಮಲಗುವುದು ಅಂತ ಅಭ್ಯಾಸ ಆಗಿಹೋಗಿದೆ. ಊದಬತ್ತಿ ಬೇಕೇ ಬೇಕು ಅಂತೇನಿಲ್ಲ, ಉಬ್ಬಸ ಇರುವವರಂತೂ ಹಚ್ಚಲೇಬೇಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಟೈಮರ್ ಇಟ್ಟು, ಕೈಗೆ ಸಿಗದ ಹಾಗೆ ಬೆನ್ನ ಹಿಂದೆ ಇಡಿ. ಟೈಮರ್ ಇಲ್ಲದೆ ಕೂತರೆ ಎಷ್ಟು ಹೊತ್ತಾಯಿತೋ ಅನ್ನುವ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿರುತ್ತದೆ.

ಮನೆಯವರಿಗೆ ಹೇಳಿಡಿ. ಇದು ಸಣ್ಣ ವಿಷಯ ಅನ್ನಿಸಬಹುದು, ಹೆಂಗಸರಿಗೆ ಸಣ್ಣದಲ್ಲ. "ಹದಿನೈದು ನಿಮಿಷ ನನ್ನನ್ನು ಕರೀಬೇಡಿ, ಮನೆಗೆ ಬೆಂಕಿ ಬಿದ್ದರೆ ಮಾತ್ರ ಕರೀರಿ" ಅಂತ ನಾನು ಮೊದಲ ವಾರವೇ ಸ್ಪಷ್ಟವಾಗಿ ಹೇಳಿದೆ. ಟವಲ್ ಎಲ್ಲಿದೆ, ಸಾಕ್ಸ್ ಎಲ್ಲಿದೆ ಅಂತ ಕೇಳುವುದು ನಿಲ್ಲಲು ಒಂದು ತಿಂಗಳು ಬೇಕಾಯಿತು. ಆದರೆ ನಿಂತಿತು.

ಕೂರುವುದು

ಪದ್ಮಾಸನ ಬೇಡ. ಚಕ್ಕಳಮಕ್ಕಳ ಹಾಕಿ ಕೂರಲು ಬಂದರೆ ಸಾಕು, ಅದೂ ಆಗದಿದ್ದರೆ ಕುರ್ಚಿ. ನೆಲದ ಮೇಲೆ ಕೂರುವವರು ಒಂದು ಕೆಲಸ ತಪ್ಪದೇ ಮಾಡಿ. ಹಳೇ ಕಂಬಳಿಯನ್ನೋ ಗಟ್ಟಿ ದಿಂಬನ್ನೋ ಮಡಚಿ ಕುಂಡಿಯ ಕೆಳಗೆ ಇಟ್ಟುಕೊಳ್ಳಿ, ಕಾಲಿನ ಕೆಳಗಲ್ಲ. ಸೊಂಟ ಮಂಡಿಗಿಂತ ಸ್ವಲ್ಪ ಎತ್ತರದಲ್ಲಿ ಬಂದರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಈ ಒಂದು ಮಡಚಿದ ಕಂಬಳಿ ಇಲ್ಲದೆ ಎಷ್ಟೋ ಜನ ಬೆನ್ನು ನೋವು ಅಂತ ಧ್ಯಾನವನ್ನೇ ಬಿಡುತ್ತಾರೆ. ಕುರ್ಚಿಯಲ್ಲಿ ಕೂರುವವರು ಸ್ವಲ್ಪ ಮುಂದಕ್ಕೆ ಬಂದು, ಎರಡೂ ಪಾದ ನೆಲಕ್ಕೆ ಊರಿ ಕೂತುಕೊಳ್ಳಿ. ಬೆನ್ನಿಗೆ ತೊಂದರೆ ಇದ್ದರೆ ಒರಗಿಕೊಳ್ಳಿ, ತಪ್ಪೇನಿಲ್ಲ.

ಕೈ ತೊಡೆಯ ಮೇಲೆ ಹೇಗೆ ಬೇಕೋ ಹಾಗೆ. ಮುದ್ರೆ ಗೊತ್ತಿದ್ದರೆ ಹಿಡಿಯಿರಿ, ಗೊತ್ತಿಲ್ಲದಿದ್ದರೆ ಯಾವ ನಷ್ಟವೂ ಇಲ್ಲ. ದವಡೆ ಸಡಿಲ ಬಿಡಿ. ಇದನ್ನು ಎರಡು ಸಲ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಗೊತ್ತೇ ಆಗದ ಹಾಗೆ ಹಲ್ಲು ಕಚ್ಚಿಕೊಂಡೇ ಇರುತ್ತೇವೆ. ಭುಜ ಕಿವಿಯ ಕಡೆ ಏರಿರುತ್ತದೆ, ಇಳಿಸಿ. ಹೊಟ್ಟೆಯನ್ನು ಒಳಗೆ ಎಳೆದು ಹಿಡಿಯುವ ಅಭ್ಯಾಸ ಇದ್ದರೆ ಈ ಹದಿನೈದು ನಿಮಿಷವಾದರೂ ಬಿಟ್ಟುಬಿಡಿ, ಯಾರೂ ನೋಡುತ್ತಿಲ್ಲ.

ಕಾಲು ಜೋಮು ಹಿಡಿಯುತ್ತದೆ. ಎಲ್ಲರಿಗೂ. ಕೂತ ಭಂಗಿಯಲ್ಲಿ ನರದ ಮೇಲೆ ಒತ್ತಡ ಬಿದ್ದು ಹಾಗಾಗುವುದು, ಕಾಲು ಬಿಚ್ಚಿ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಟೈಮರ್ ಹೊಡೆದ ತಕ್ಷಣ ಎದ್ದು ನಿಲ್ಲಬೇಡಿ, ಮರಗಟ್ಟಿದ ಕಾಲು ನಂಬಿ ಎದ್ದರೆ ಬೀಳುತ್ತೀರಿ. ಮಂಡಿ ಒಳಗೆ ಚುಚ್ಚಿದ ಹಾಗೆ ನೋವಾದರೆ ಅದು ಬೇರೆ ವಿಷಯ. ಅದನ್ನು ಸಹಿಸಿಕೊಂಡು ಕೂರುವುದು ಸಾಧನೆ ಅಲ್ಲ, ಕುರ್ಚಿಗೆ ಬದಲಾಯಿಸಿ.

ಉಸಿರು ಎಣಿಸುವುದು

ಈಗ ನಿಜವಾದ ಕೆಲಸ. ಕಣ್ಣು ಮುಚ್ಚಿ. ಉಸಿರು ಮೂಗಿನ ಹೊಳ್ಳೆಯಲ್ಲಿ ತಣ್ಣಗೆ ಒಳಗೆ ಹೋಗುವುದು, ಸ್ವಲ್ಪ ಬೆಚ್ಚಗೆ ಹೊರಗೆ ಬರುವುದು ಗೊತ್ತಾಗುತ್ತದಾ ನೋಡಿ. ಅಲ್ಲಿ ಗೊತ್ತಾಗದಿದ್ದರೆ ಹೊಟ್ಟೆ ಏರಿ ಇಳಿಯುವುದನ್ನು ಹಿಡಿಯಿರಿ. ಎರಡರಲ್ಲಿ ಒಂದು ಸಾಕು, ಮಧ್ಯದಲ್ಲಿ ಬದಲಾಯಿಸುತ್ತಾ ಕೂರಬೇಡಿ. ಉಸಿರನ್ನು ಎಳೆಯುವುದಾಗಲಿ, ಉದ್ದ ಮಾಡುವುದಾಗಲಿ, ಕಟ್ಟುವುದಾಗಲಿ ಬೇಡ. ಬಿಪಿ ಮತ್ತು ಹೃದಯದ ತೊಂದರೆ ಇರುವವರು ಉಸಿರು ಕಟ್ಟಿ ಹಿಡಿಯುವ ಅಭ್ಯಾಸಗಳನ್ನು ಫೋನ್ ನೋಡಿಕೊಂಡು ಮಾಡಲೇಬಾರದು. ನಾವಿಲ್ಲಿ ಪ್ರಾಣಾಯಾಮ ಮಾಡುತ್ತಿಲ್ಲ. ಬರುವ ಉಸಿರನ್ನು ನೋಡುತ್ತಿದ್ದೇವೆ, ಅಷ್ಟೇ.

ಉಸಿರು ಹೊರಗೆ ಹೋದಾಗ ಮನಸ್ಸಿನಲ್ಲಿ "ಒಂದು". ಮುಂದಿನದು ಹೋದಾಗ "ಎರಡು". ಹತ್ತಕ್ಕೆ ಬಂದರೆ ಮತ್ತೆ ಒಂದರಿಂದ. ಎಣಿಕೆ ತಪ್ಪಿದರೂ ಒಂದರಿಂದ. ಹದಿನೇಳಕ್ಕೆ ಹೋಗಿದ್ದೀನಿ ಅಂತ ಥಟ್ಟನೆ ಗೊತ್ತಾದರೂ ಒಂದರಿಂದ.

ಸುಮ್ಮನೆ ಕೂತಿರುವಾಗ ದೊಡ್ಡವರು ನಿಮಿಷಕ್ಕೆ ಸಾಮಾನ್ಯವಾಗಿ 12ರಿಂದ 20 ಸಲ ಉಸಿರಾಡುತ್ತಾರೆ. ಅಂದರೆ ಐದು ನಿಮಿಷಕ್ಕೆ 60ರಿಂದ 100 ಉಸಿರು, ಹತ್ತರ ಸುತ್ತು ಆರರಿಂದ ಹತ್ತು. ಈ ಲೆಕ್ಕ ಕೊಟ್ಟಿದ್ದು ಯಾಕೆಂದರೆ, ಮೊದಲ ವಾರ ನಿಮಗೆ ಒಂದೇ ಒಂದು ಸುತ್ತು ಕೂಡ ತಪ್ಪದೇ ಪೂರ್ತಿ ಆಗದೇ ಇರಬಹುದು. ನನಗೆ ಆಗಲಿಲ್ಲ. ಮೂರು, ನಾಲ್ಕು ಅನ್ನುವಷ್ಟರಲ್ಲಿ ಹತ್ತನೇ ತರಗತಿ ಬಿ ಸೆಕ್ಷನ್‌ಗೆ ಹೋಗಿಬಿಡುತ್ತಿದ್ದೆ. ಹಾಗಾದರೆ ಎಲ್ಲವೂ ಸರಿಯಾಗೇ ನಡೆಯುತ್ತಿದೆ ಅಂತ ತಿಳಿಯಿರಿ.

ಮೊದಲ ವಾರ ಐದೇ ನಿಮಿಷ. ಇನ್ನೂ ಕೂರೋಣ ಅನ್ನಿಸಿದರೂ ಎದ್ದುಬಿಡಿ, ಆ ಆಸೆ ಮರುದಿನಕ್ಕೆ ಉಳಿಯಲಿ. ಎರಡನೇ ವಾರ ಹತ್ತು, ಮೂರನೇ ವಾರವೂ ಹತ್ತೇ. ನಾಲ್ಕನೇ ವಾರ ಹದಿನೈದು. ಅದಾದ ಮೇಲೆ ಇಪ್ಪತ್ತು ನಿಮಿಷಕ್ಕೆ ಬಂದು ಅಲ್ಲೇ ಕೆಲವು ತಿಂಗಳು ನಿಲ್ಲಿ. ಶುರುವಿನಲ್ಲೇ ನಲವತ್ತು ನಿಮಿಷ ಕೂತು ಹತ್ತನೇ ದಿನಕ್ಕೆ ಬಿಡುವವರಿಗಿಂತ ಐದು ನಿಮಿಷದಿಂದ ಶುರು ಮಾಡಿದವರು ಜಾಸ್ತಿ ದಿನ ಉಳಿದಿದ್ದನ್ನು ನಾನು ನನ್ನ ಸುತ್ತಲೇ ಕಂಡಿದ್ದೇನೆ.

ಮನಸ್ಸು ಓಡಿದಾಗ ಏನು ಮಾಡಬೇಕು

ಇದನ್ನು ನಿಧಾನವಾಗಿ ಓದಿ. ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ.

ಅಕ್ಕಿ ಆರಿಸುವುದನ್ನು ನೋಡಿದ್ದೀರಲ್ಲ? ಮೊರದಲ್ಲಿ ಅಕ್ಕಿ ಹರಡಿಕೊಂಡು ಕೂತವರಿಗೆ ಕಲ್ಲು ಸಿಕ್ಕರೆ ಬೇಜಾರಾಗುವುದಿಲ್ಲ. ಕಲ್ಲು ಕಣ್ಣಿಗೆ ಬಿತ್ತು, ತೆಗೆದು ಪಕ್ಕಕ್ಕೆ ಹಾಕಿದರು, ಕೈ ಮತ್ತೆ ಅಕ್ಕಿಗೆ ಬಂತು. ಕಲ್ಲು ಕಾಣಿಸಿತು ಅಂದರೆ ಆರಿಸುವ ಕೆಲಸ ಆಗುತ್ತಿದೆ ಅಂತ ಅರ್ಥ. ಧ್ಯಾನದಲ್ಲೂ ಅಷ್ಟೇ. "ಅಯ್ಯೋ, ಎಲ್ಲೋ ಹೋಗಿದ್ದೆ" ಅಂತ ಗೊತ್ತಾಗುತ್ತದಲ್ಲ, ಆ ಗಳಿಗೆಯೇ ಧ್ಯಾನ. ಅದು ಧ್ಯಾನ ಕೆಟ್ಟುಹೋದ ಗಳಿಗೆ ಅಲ್ಲ. ಹದಿನೈದು ನಿಮಿಷದಲ್ಲಿ ನಲವತ್ತು ಸಲ ಮನಸ್ಸು ಓಡಿ ನಲವತ್ತು ಸಲ ನೀವು ವಾಪಸ್ ಬಂದಿದ್ದರೆ, ನಲವತ್ತು ಸಲ ಅಭ್ಯಾಸ ಆಯಿತು.

ಮನಸ್ಸು ಓಡುವುದು ನಿಮ್ಮೊಬ್ಬರ ಸ್ವಭಾವವೂ ಅಲ್ಲ. 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಮನಶ್ಶಾಸ್ತ್ರಜ್ಞರು ಫೋನ್ ಮೂಲಕ ಸುಮಾರು 2,250 ಜನರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ, ಖುಷಿಯಾಗಿದ್ದೀರಾ? ಎಚ್ಚರ ಇರುವ ಹೊತ್ತಿನಲ್ಲಿ ಸುಮಾರು 47 ಶೇಕಡಾ ಹೊತ್ತು ಜನರ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರಲಿಲ್ಲ. ಮನಸ್ಸು ಬೇರೆ ಕಡೆ ಇದ್ದಾಗ ಅವರು ಅಷ್ಟು ಖುಷಿಯಾಗಿಯೂ ಇರಲಿಲ್ಲ. ದಿನದ ಅರ್ಧ ಹೊತ್ತು ಹೀಗಿರುವ ಮನಸ್ಸು ನಾವು ಕಣ್ಣು ಮುಚ್ಚಿದ ತಕ್ಷಣ ಸುಮ್ಮನಾಗಲಿ ಅಂದರೆ ಹೇಗೆ? ಗಾಳಿಯನ್ನು ಹಿಡಿದು ನಿಲ್ಲಿಸಿದಷ್ಟೇ ಕಷ್ಟ ಈ ಮನಸ್ಸು ಅಂತ ಅರ್ಜುನನೇ ಕೃಷ್ಣನಿಗೆ ಹೇಳಿದ. ಕೃಷ್ಣ ಅಲ್ಲ ಅನ್ನಲಿಲ್ಲ. ಹೌದು, ಕಷ್ಟವೇ, ಆದರೆ ಅಭ್ಯಾಸದಿಂದ ಆಗುತ್ತದೆ ಅಂದ.

ನನಗೆ ಕೆಲಸಕ್ಕೆ ಬಂದ ಒಂದು ಉಪಾಯ ಇದು. ಬಂದ ಯೋಚನೆಗೆ ಒಂದೇ ಪದದ ಹೆಸರು ಕೊಡಿ. ನಾಳೆಯ ಕೆಲಸದ ಪಟ್ಟಿ ಬಂದರೆ "ನಾಳೆ". ನಾದಿನಿ ಹೋದ ವರ್ಷ ಹೇಳಿದ ಮಾತು ಬಂದರೆ "ಜಗಳ". ಸಾಲದ ಕಂತು ಬಂದರೆ "ದುಡ್ಡು". ಹೆಸರಿಟ್ಟು ಉಸಿರಿಗೆ ಬನ್ನಿ. ಆ ಯೋಚನೆಯನ್ನು ತಳ್ಳಬೇಡಿ, ಉತ್ತರ ಕೊಡಲೂ ಹೋಗಬೇಡಿ. ಕೆಲವು ವಾರ ಹೀಗೆ ಮಾಡಿದ ಮೇಲೆ ನಿಮ್ಮ ಮನಸ್ಸು ತಿರುಗಿ ತಿರುಗಿ ಹೋಗುವುದು ಮೂರೋ ನಾಲ್ಕೋ ಮನೆಗೆ ಮಾತ್ರ ಅಂತ ಕಾಣಿಸುತ್ತದೆ. ನನ್ನದರಲ್ಲಿ "ದುಡ್ಡು" ಅಷ್ಟೊಂದು ಸಲ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅದು ಗೊತ್ತಾದ ಮೇಲೆ ಒಂದು ಭಾನುವಾರ ನಾನೂ ನಮ್ಮ ಮನೆಯವರೂ ಕೂತು ಖರ್ಚಿನ ಲೆಕ್ಕ ಬರೆದೆವು. ಆ ಯೋಚನೆ ಅರ್ಧಕ್ಕರ್ಧ ಕಡಿಮೆ ಆಯಿತು.

ಕೆಲವೊಮ್ಮೆ ಬರುವುದು ಯೋಚನೆ ಅಲ್ಲ, ದುಃಖ. ಎರಡನೇ ತಿಂಗಳಲ್ಲಿ ಒಂದು ದಿನ ನನಗೆ ತೀರಿಹೋದ ಅಪ್ಪನ ನೆನಪು ಬಂದು ಕಣ್ಣಲ್ಲಿ ನೀರು ಸುರಿಯಿತು. ಆಸ್ಪತ್ರೆ, ಓಡಾಟ, ಕಾರ್ಯ ಅಂತ ಆ ದಿನಗಳಲ್ಲಿ ಅಳುವುದಕ್ಕೂ ಪುರುಸೊತ್ತು ಸಿಕ್ಕಿರಲಿಲ್ಲ. ಅಂಥ ಹೊತ್ತಲ್ಲಿ ಎಣಿಕೆ ಬಿಡಿ, ಅಳು ಬಂದರೆ ಅಳಿ. ಎದೆ ಭಾರವಾಗಿದೆಯಾ, ಗಂಟಲು ಕಟ್ಟಿದೆಯಾ, ದೇಹದಲ್ಲಿ ಅದು ಎಲ್ಲಿದೆ ಅಂತ ಮಾತ್ರ ಗಮನಿಸಿ. ಸಾಕು ಅನ್ನಿಸಿದರೆ ಕಣ್ಣು ತೆರೆದು ಎದ್ದು ನೀರು ಕುಡಿಯಿರಿ.

ನಿದ್ದೆ, ಸದ್ದು

ತೂಕಡಿಕೆ ಬಂದರೆ ಕಣ್ಣು ಅರ್ಧ ತೆರೆದು ಎದುರಿನ ನೆಲ ನೋಡುತ್ತಾ ಎಣಿಸಿ. ಆಗಲೂ ಬಂದರೆ ನಿಂತುಕೊಂಡು ಮಾಡಿ. ದಿನಾ ಬರುತ್ತಿದ್ದರೆ ಮಾತ್ರ ರಾತ್ರಿ ನಿದ್ದೆ ಸಾಲುತ್ತಿಲ್ಲ ಅಂತ ಅರ್ಥ, ಅದನ್ನು ಮೊದಲು ಸರಿ ಮಾಡಿಕೊಳ್ಳಿ.

ಸದ್ದಿನ ಬಗ್ಗೆ: ನಮ್ಮೂರುಗಳಲ್ಲಿ ನಿಶ್ಶಬ್ದ ಕಾಯುತ್ತಾ ಕೂತರೆ ಧ್ಯಾನ ಶುರುವೇ ಆಗುವುದಿಲ್ಲ. ದೇವಸ್ಥಾನದ ಮೈಕಿನಲ್ಲಿ ಸುಪ್ರಭಾತ, ಪಕ್ಕದ ಮನೆಯ ಕುಕ್ಕರ್ ವಿಷಲ್, ಕಸದ ಗಾಡಿಯ ಹಾಡು. ಸದ್ದು ಬಂತು, ಕೇಳಿಸಿತು, "ಸದ್ದು" ಅಂತ ಹೆಸರಿಟ್ಟು ಉಸಿರಿಗೆ ಬನ್ನಿ. ಯಾರು ಇಷ್ಟು ಹೊತ್ತಿಗೇ ಮೋಟರ್ ಹಾಕಿದ್ದು ಅಂತ ಹುಡುಕುತ್ತಾ ಹೋದರೆ ಅದು ಯೋಚನೆ. ಎರಡರ ವ್ಯತ್ಯಾಸ ಕೆಲವೇ ದಿನಕ್ಕೆ ಗೊತ್ತಾಗುತ್ತದೆ.

ದೇಹದಲ್ಲಿ ಏನಾಗುತ್ತದೆ

ಒಂದು ಸಣ್ಣ ಪರೀಕ್ಷೆ ಮಾಡಿ. ಮಣಿಕಟ್ಟಿನಲ್ಲಿ ನಾಡಿ ಹಿಡಿದುಕೊಂಡು ನಿಧಾನವಾಗಿ ಉಸಿರಾಡಿ. ಉಸಿರು ಒಳಗೆ ತೆಗೆದುಕೊಳ್ಳುವಾಗ ನಾಡಿ ಸ್ವಲ್ಪ ಬೇಗ, ಬಿಡುವಾಗ ಸ್ವಲ್ಪ ನಿಧಾನ ಆಗುವುದು ಎಷ್ಟೋ ಜನರಿಗೆ ಬೆರಳಿಗೇ ಗೊತ್ತಾಗುತ್ತದೆ. ಮೆದುಳಿನಿಂದ ಹೃದಯಕ್ಕೂ ಹೊಟ್ಟೆಗೂ ಇಳಿದು ಬರುವ ವೇಗಸ್ ಅನ್ನುವ ನರದ ಕೆಲಸ ಇದು. ಗಾಬರಿಯಾದಾಗ ದೇಹ ಓಡಲೋ ಹೊಡೆದಾಡಲೋ ತಯಾರಾಗುತ್ತದಲ್ಲ, ಎದೆ ಹೊಡೆದುಕೊಂಡು, ಕೈ ಬೆವರಿ, ಅದಕ್ಕೆ ಎದುರಾಗಿ "ಸಾಕು, ಈಗ ಅಪಾಯ ಇಲ್ಲ" ಅಂತ ಹೇಳುವ ವ್ಯವಸ್ಥೆಯೂ ದೇಹದಲ್ಲೇ ಇದೆ. ಸುಮ್ಮನೆ ಕೂತು ಉಸಿರು ಗಮನಿಸಿದಾಗ ಉಸಿರು ತಾನಾಗಿಯೇ ನಿಧಾನವಾಗುತ್ತದೆ, ಆ ಎರಡನೇ ವ್ಯವಸ್ಥೆಗೆ ಕೆಲಸ ಮಾಡಲು ಅವಕಾಶ ಸಿಗುತ್ತದೆ.

ಸಂಶೋಧನೆಯಲ್ಲಿ ಎಷ್ಟು ಗಟ್ಟಿಯಾಗಿದೆಯೋ ಅಷ್ಟೇ ಹೇಳುತ್ತೇನೆ, ಯಾಕೆಂದರೆ ಧ್ಯಾನದಿಂದ ಕ್ಯಾನ್ಸರ್ ಹೋಗುತ್ತದೆ, ಸಕ್ಕರೆ ಕಾಯಿಲೆ ಮಾಯ ಅಂತ ವಾಟ್ಸಾಪಿನಲ್ಲಿ ಓಡಾಡುವ ಮಾತುಗಳಿಂದ ಜನರಿಗೆ ನಿಜವಾಗಿ ಹಾನಿಯಾಗುತ್ತದೆ. 2014ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಬಂತು. ಆತಂಕ, ಖಿನ್ನತೆ, ನೋವು, ಈ ಮೂರರಲ್ಲಿ ಧ್ಯಾನದಿಂದ ಸ್ವಲ್ಪ ಮಟ್ಟಿಗೆ ಉಪಯೋಗ ಕಂಡಿತು. ಔಷಧಿ ಅಥವಾ ವ್ಯಾಯಾಮಕ್ಕಿಂತ ಮೇಲು ಅನ್ನುವುದಕ್ಕೆ ಮಾತ್ರ ಆಧಾರ ಸಿಗಲಿಲ್ಲ. 2022ರಲ್ಲಿ ಆತಂಕದ ಕಾಯಿಲೆ ಇದ್ದ 276 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂಟು ವಾರದ ಧ್ಯಾನ ತರಬೇತಿ, ಇನ್ನೊಂದಕ್ಕೆ ಆತಂಕಕ್ಕೆ ಕೊಡುವ ಎಸ್ಸಿಟಾಲೋಪ್ರಾಮ್ ಅನ್ನುವ ಮಾತ್ರೆ ಕೊಟ್ಟು ನೋಡಿದರು. ಎರಡೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಥರ ಗುಣ ಕಂಡಿತು. ಧ್ಯಾನದ ಗುಂಪಿನವರು ವಾರಕ್ಕೊಂದು ತರಗತಿಗೆ ಹೋಗುವುದರ ಜೊತೆಗೆ ಮನೆಯಲ್ಲಿ ದಿನಾ 45 ನಿಮಿಷ ಮಾಡಬೇಕಿತ್ತು, ಐದು ನಿಮಿಷ ಅಲ್ಲ. ಇದನ್ನು ಓದಿ ನಿಮ್ಮ ಮಾತ್ರೆ ಬಿಡುವ ಯೋಚನೆ ಮಾಡಬೇಡಿ, ಅದನ್ನು ತೀರ್ಮಾನಿಸಬೇಕಾದವರು ನಿಮ್ಮ ವೈದ್ಯರು.

ಹೃದಯದ ವಿಷಯದಲ್ಲಿ ಅಮೆರಿಕದ ಹೃದಯ ಸಂಘ 2017ರಲ್ಲಿ ಹೇಳಿದ್ದೂ ಇಂಥದ್ದೇ: ಧ್ಯಾನದಿಂದ ಉಪಯೋಗ ಆಗಬಹುದು, ಆದರೆ ಮಾತ್ರೆ, ಊಟದ ಪಥ್ಯ, ವ್ಯಾಯಾಮ ಇವುಗಳ ಜೊತೆಗೆ ಮಾಡಬೇಕು, ಅವುಗಳ ಬದಲಿಗೆ ಅಲ್ಲ. ನನ್ನ ಬಿಪಿ ಈಗ ಹತೋಟಿಯಲ್ಲಿದೆ. ಮಾತ್ರೆ ಈಗಲೂ ತೆಗೆದುಕೊಳ್ಳುತ್ತೇನೆ, ನಡೆಯುತ್ತೇನೆ, ಹಪ್ಪಳ ಹಬ್ಬಕ್ಕೆ ಮಾತ್ರ. ಇದರಲ್ಲಿ ಧ್ಯಾನದ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ.

ಬೇರೆ ಮಾಡಿ ಹೇಳಬಹುದಾದದ್ದು ಒಂದಿದೆ. ತರಗತಿಯಲ್ಲಿ ಒಂದೇ ಲೆಕ್ಕವನ್ನು ನಾಲ್ಕನೇ ಸಲ ತಪ್ಪು ಮಾಡಿದ ಮಗುವಿನ ಮೇಲೆ ಮೊದಲು ನಾನು ಕಿರುಚಿಬಿಡುತ್ತಿದ್ದೆ. ಈಗ ಸಿಟ್ಟು ಬರುವುದಿಲ್ಲ ಅಂತಲ್ಲ, ಬರುತ್ತದೆ. ಬಂದಿದ್ದು ಗೊತ್ತಾಗುತ್ತದೆ. ದವಡೆ ಬಿಗಿಯಾಗುವುದು, ಕಿವಿ ಬಿಸಿಯಾಗುವುದು ಗೊತ್ತಾಗಿ, ಬಾಯಿ ತೆರೆಯುವುದಕ್ಕೆ ಮುಂಚೆ ಒಂದು ಉಸಿರಿನಷ್ಟು ಜಾಗ ಸಿಗುತ್ತದೆ. ಆ ಒಂದು ಉಸಿರಿನಲ್ಲಿ "ಎಲ್ಲಿ ತಪ್ಪಾಯ್ತು ತೋರಿಸು ಮರಿ" ಅನ್ನಲು ಸಾಧ್ಯವಾಗಿದೆ. ಬೆಳಿಗ್ಗೆ ನಲವತ್ತು ಸಲ ಗುರುತಿಸಿ ವಾಪಸ್ ಬಂದಿದ್ದಕ್ಕೆ ಸಿಕ್ಕ ಫಲ ಇದೇ ಅಂತ ನಾನು ನಂಬಿದ್ದೇನೆ. ಹಾಗಾಗಿ ಧ್ಯಾನ ಫಲ ಕೊಡುತ್ತಿದೆಯಾ ಅಂತ ನೋಡಬೇಕಾದರೆ ಕಣ್ಣು ಮುಚ್ಚಿದಾಗ ಎಷ್ಟು ಶಾಂತಿ ಸಿಕ್ಕಿತು ಅಂತ ಅಳೆಯಬೇಡಿ. ಟ್ರಾಫಿಕ್‌ನಲ್ಲಿ, ಅಡುಗೆಮನೆಯಲ್ಲಿ, ಮಕ್ಕಳ ಹತ್ತಿರ ಮಾತಾಡುವಾಗ ನೋಡಿ. ಒಂದೆರಡು ತಿಂಗಳು ಆದಮೇಲೆ ಮನೆಯವರನ್ನೇ ಕೇಳಿ, ಅವರಿಗೆ ನಿಮಗಿಂತ ಮೊದಲೇ ಗೊತ್ತಾಗಿರುತ್ತದೆ.

ಯಾರು ಜಾಗ್ರತೆಯಿಂದ ಇರಬೇಕು

ಕಣ್ಣು ಮುಚ್ಚಿ ಉಸಿರು ನೋಡಿದರೆ ಕೆಲವರಿಗೆ ಗಾಬರಿ ಜಾಸ್ತಿಯಾಗುತ್ತದೆ. ಅಂಥವರು ಕಣ್ಣು ತೆರೆದೇ ಮಾಡಿ, ಅಥವಾ ಉಸಿರಿನ ಬದಲು ನಿಧಾನವಾಗಿ ನಡೆಯುತ್ತಾ ಪಾದ ನೆಲಕ್ಕೆ ತಾಗುವುದನ್ನು ಗಮನಿಸಿ. ಹಿಂದೆ ದೊಡ್ಡ ಆಘಾತ ಅನುಭವಿಸಿದವರು, ಇಲ್ಲದ ದನಿ ಕೇಳಿಸುವ ಥರದ ತೊಂದರೆಗೆ ಚಿಕಿತ್ಸೆ ತೆಗೆದುಕೊಂಡವರು, ತುಂಬಾ ದಿನದಿಂದ ಏನೂ ಬೇಡ ಅನ್ನಿಸುತ್ತಿರುವವರು ಒಬ್ಬರೇ ಶುರು ಮಾಡದೆ ಮನೋವೈದ್ಯರನ್ನು ಕೇಳಿ ಮಾಡಿ. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಧ್ಯಾನಕ್ಕೆ ಕೂರುವ ಹೊತ್ತಲ್ಲ ಅದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು, ಹತ್ತು ದಿನದ ವಿಪಶ್ಯನ ಶಿಬಿರದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ಬಂದು ಹೇಳಿಕೊಡಲು ಶುರು ಮಾಡಿದ ಪದ್ಧತಿ ಇದು. ಬೆಂಗಳೂರಿನ ಹತ್ತಿರವೂ ಕೇಂದ್ರ ಇದೆ. ಶುಲ್ಕ ಇಲ್ಲ, ಮುಗಿಸಿದವರು ಕೊಡುವ ದಾನದಲ್ಲೇ ನಡೆಯುತ್ತದೆ. ಒಳ್ಳೆಯದೇ, ಆದರೆ ಹತ್ತು ದಿನ ಮೌನದಲ್ಲಿದ್ದು ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು. ಮೊದಲ ಹೆಜ್ಜೆಯೇ ಅಲ್ಲಿಗೆ ಬೇಡ. ಮನೆಯಲ್ಲಿ ಆರು ತಿಂಗಳು ಇಪ್ಪತ್ತು ನಿಮಿಷ ಕೂತು ನೋಡಿ ಆಮೇಲೆ ಹೋಗಿ. ಅಲ್ಲಿಯೂ ಮೊದಲ ಮೂರು ದಿನ ಹೇಳಿಕೊಡುವುದು ಉಸಿರು ಗಮನಿಸುವುದನ್ನೇ.

ತಪ್ಪಿದ ದಿನಗಳು

ತಪ್ಪುತ್ತದೆ. ಮದುವೆ, ಜಾತ್ರೆ, ಜ್ವರ, ಪರೀಕ್ಷೆ ಕೆಲಸ. ಲಂಡನ್ನಿನ ಒಂದು ವಿಶ್ವವಿದ್ಯಾಲಯದವರು ಹೊಸ ಅಭ್ಯಾಸ ಬೇರೂರಲು ಎಷ್ಟು ದಿನ ಬೇಕು ಅಂತ 96 ಜನರನ್ನು ಗಮನಿಸಿದ್ದರು. ಸರಾಸರಿ 66 ದಿನ ಬಂತು, ಆದರೆ ಕೆಲವರಿಗೆ 18 ದಿನಕ್ಕೇ ಆಗಿತ್ತು, ಕೆಲವರಿಗೆ 254 ದಿನದವರೆಗೂ ಹೋಗಬಹುದು ಅನ್ನುವ ಲೆಕ್ಕ ಸಿಕ್ಕಿತು. ನನಗೆ ಸಮಾಧಾನ ಕೊಟ್ಟಿದ್ದು ಅದರ ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಅಂಥ ಅಡ್ಡಿಯೇನೂ ಆಗಲಿಲ್ಲ. ಹಾಗಾಗಿ ನಿನ್ನೆ ತಪ್ಪಿತು ಅಂತ ಇವತ್ತು ಎರಡು ಪಟ್ಟು ಕೂರಬೇಡಿ. ಇವತ್ತಿನದು ಇವತ್ತು ಕೂರಿ. ಎರಡು ದಿನ ಸತತವಾಗಿ ತಪ್ಪಿಸದಿರುವುದು ನಾನು ಇಟ್ಟುಕೊಂಡಿರುವ ಒಂದೇ ನಿಯಮ. ಅದಕ್ಕೋಸ್ಕರ ಬಸ್ಸಿನಲ್ಲಿ ಕೂತೂ ಮಾಡಿದ್ದೇನೆ, ಬೇಲೂರಿಗೆ ಹೋಗುವಷ್ಟರಲ್ಲಿ ಹತ್ತರ ಸುತ್ತು ಎಷ್ಟೋ ಆಗುತ್ತವೆ.

ನಮ್ಮ ಬೀದಿಗೆ ನಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ, ಅದೂ ಸರಿಯಾಗಿ ನಾನು ಕೂರುವ ಹೊತ್ತಿಗೇ. ಮೊದಲೆಲ್ಲ ಆ ದಿನ ಧ್ಯಾನ ಇಲ್ಲ ಅಂತಲೇ ಲೆಕ್ಕ ಆಗಿತ್ತು. ಈಗ ಪೈಪನ್ನು ಡ್ರಮ್ಮಿಗೆ ಬಿಟ್ಟು ಪಕ್ಕದ ಕಟ್ಟೆಯ ಮೇಲೆ ಕಂಬಳಿ ಹಾಕಿಕೊಂಡು ಕೂರುತ್ತೇನೆ. ನೀರು ತಳದಲ್ಲಿದ್ದಾಗ ಸದ್ದು ದಪ್ಪ, ಮೇಲೆ ಬರುತ್ತಾ ಸಣ್ಣಗಾಗುತ್ತದೆ. ಡ್ರಮ್ ತುಂಬುವುದಕ್ಕೆ ಸುಮಾರು ಹನ್ನೆರಡು ನಿಮಿಷ. ಟೈಮರ್ ಬೇಕಾಗುವುದಿಲ್ಲ.